ಕ್ಯಾಡ್ ತಂತ್ರಾಂಶ ಬಳಸುವ ಎಐ ಏಜೆಂಟ್‌ಗಳಿಗೆ ಟೂಲ್ ವಿವರಣೆ ಬರೆಯುವ ಕ್ರಮ

ಪೀಠಿಕೆ

ಕಟ್ಟಡ, ಯಂತ್ರದ ಬಿಡಿಭಾಗ, ಪೀಠೋಪಕರಣ ಮುಂತಾದವುಗಳ ನಕ್ಷೆ ಹಾಗೂ ಮಾದರಿಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವ ತಂತ್ರಾಂಶಗಳನ್ನು ಕ್ಯಾಡ್ ತಂತ್ರಾಂಶಗಳೆಂದು ಕರೆಯಲಾಗುತ್ತದೆ. ಇವುಗಳನ್ನು ಇತ್ತೀಚೆಗೆ ಎಐ ಏಜೆಂಟ್‌ಗಳ ಮೂಲಕವೂ ನಡೆಸಲಾಗುತ್ತಿದೆ. ಏಜೆಂಟ್ ಕರೆಯಬಹುದಾದ ಪ್ರತಿಯೊಂದು ಕಾರ್ಯವನ್ನು 'ಟೂಲ್' ಎನ್ನುತ್ತಾರೆ. ಟೂಲ್‌ಗೆ ಒಂದು ಹೆಸರು, ಒಂದು ವಿವರಣೆ ಹಾಗೂ ಭರ್ತಿ ಮಾಡಬೇಕಾದ ಅಂಶಗಳ ಪಟ್ಟಿ ಇರುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಮುಕ್ತ ಮಾನಕದಲ್ಲಿಯೂ ಈ ಮೂರು ಅಂಶಗಳಿವೆ.

ಸದರಿ ವಿವರಣೆಯು ಅರ್ಜಿ ನಮೂನೆಯ ಹಿಂಬದಿಯಲ್ಲಿ ಮುದ್ರಿಸುವ ಸೂಚನೆಗಳಿದ್ದಂತೆ. ಅರ್ಜಿದಾರರಿಗೆ ಒಂದು ಅಂಕಣ ಅರ್ಥವಾಗದಿದ್ದಲ್ಲಿ ಕೌಂಟರಿನಲ್ಲಿ ವಿಚಾರಿಸಬಹುದು. ಏಜೆಂಟ್ ಬಹುತೇಕ ವಿಚಾರಿಸುವುದಿಲ್ಲ. ಊಹಿಸಿ ಭರ್ತಿ ಮಾಡುತ್ತದೆ.

ಅಳತೆಯ ಏಕಮಾನ

ಅತಿ ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಫ್ರೀಕ್ಯಾಡ್ ತಂತ್ರಾಂಶವು ಉದ್ದವನ್ನು ಆಂತರಿಕವಾಗಿ ಮಿಲಿಮೀಟರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆಟೋಡೆಸ್ಕ್ ಫ್ಯೂಷನ್‌ನಲ್ಲಿ ಪರದೆಯ ಮೇಲೆ ಮಿಲಿಮೀಟರ್ ಎಂದು ಕಾಣುತ್ತಿದ್ದರೂ, ಪ್ರೋಗ್ರಾಂ ಮುಖಾಂತರ ನೀಡುವ ಬರಿಯ ಸಂಖ್ಯೆಯನ್ನು ಸೆಂಟಿಮೀಟರ್ ಎಂದೇ ಪರಿಗಣಿಸಲಾಗುತ್ತದೆ. ಬ್ಲೆಂಡರ್‌ನಲ್ಲಿ ಪೂರ್ವನಿಗದಿತ ಏಕಮಾನ ಮೀಟರ್. ಅದರ ಪ್ರೋಗ್ರಾಂಗಳಲ್ಲಿ ಕೋನವನ್ನು ಡಿಗ್ರಿಯಲ್ಲಲ್ಲದೆ ರೇಡಿಯನ್‌ನಲ್ಲಿ ನೀಡಬೇಕಾಗುತ್ತದೆ.

ಆದ್ದರಿಂದ 'ದಪ್ಪ: ಸಂಖ್ಯೆ' ಎಂದಷ್ಟೇ ಬರೆದಲ್ಲಿ, 20 ಮಿ.ಮೀ. ದಪ್ಪದ ತಗಡು ಫ್ಯೂಷನ್‌ನಲ್ಲಿ 200 ಮಿ.ಮೀ. ದಪ್ಪದ ದಿಮ್ಮಿಯಾಗಬಹುದು. ತಂತ್ರಾಂಶದ ದೃಷ್ಟಿಯಲ್ಲಿ ಎರಡೂ ಸರಿಯಾದ ಆಕೃತಿಗಳೇ ಆಗಿರುವುದರಿಂದ ಯಾವುದೇ ದೋಷ ಸಂದೇಶ ಬರುವುದಿಲ್ಲ. ಆಯವ್ಯಯ ಪಟ್ಟಿಗಳ ತಲೆಯಲ್ಲಿ 'ರೂಪಾಯಿ ಲಕ್ಷಗಳಲ್ಲಿ' ಎಂಬ ಸಾಲು ಬಿಟ್ಟುಹೋದರೆ ಆಗುವ ಅನಾಹುತವನ್ನು ಲೆಕ್ಕಪತ್ರ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮಂಗಳ ಗ್ರಹಕ್ಕೆ ನಾಸಾ ಕಳುಹಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ನಷ್ಟವಾದುದೂ, ಒಂದು ತಂತ್ರಾಂಶವು ಬ್ರಿಟಿಷ್ ಪದ್ಧತಿಯ ಏಕಮಾನದಲ್ಲಿ ನೀಡಿದ ಅಂಕಿಗಳನ್ನು ಮತ್ತೊಂದು ಮೆಟ್ರಿಕ್ ಎಂದು ಸ್ವೀಕರಿಸಿದ್ದರಿಂದ.

ಏಕಮಾನವನ್ನು ವಿವರಣೆಯಲ್ಲಿ ಬರೆಯುವುದರ ಜೊತೆಗೆ ಅಂಕಣದ ಹೆಸರಿನಲ್ಲಿಯೇ ಸೇರಿಸುವುದು ಸೂಕ್ತ. 'ದಪ್ಪ' ಎಂಬುದಕ್ಕಿಂತ 'ದಪ್ಪ ಮಿಮೀ' ಎಂಬುದು ಲೇಸು.

ಒಂದು ಉದಾಹರಣೆ

'ರಂಧ್ರ ಮಾಡುತ್ತದೆ. ಗಾತ್ರ ನೀಡಿ' ಎಂಬುದು ಅಪೂರ್ಣ ವಿವರಣೆ. ಗಾತ್ರವೆಂದರೆ ವ್ಯಾಸವೇ, ತ್ರಿಜ್ಯವೇ? ನಕ್ಷೆಗಳಲ್ಲಿ ರಂಧ್ರಕ್ಕೆ ಸಾಮಾನ್ಯವಾಗಿ ವ್ಯಾಸವನ್ನು ನಮೂದಿಸುತ್ತಾರೆ. ಆದರೆ ಫ್ರೀಕ್ಯಾಡ್‌ನಲ್ಲಿ ಸಿಲಿಂಡರ್ ರಚಿಸುವ ಆದೇಶವು ತ್ರಿಜ್ಯವನ್ನು ಕೇಳುತ್ತದೆ. ಎಂ6 ಬೋಲ್ಟ್ ಸರಾಗವಾಗಿ ಹಾಯಲು ಬೇಕಾದ ಸಾಮಾನ್ಯ ರಂಧ್ರದ ವ್ಯಾಸ 6.6 ಮಿ.ಮೀ. ಅದನ್ನೇ ತ್ರಿಜ್ಯವೆಂದು ಭಾವಿಸಿದಲ್ಲಿ 13.2 ಮಿ.ಮೀ. ರಂಧ್ರವಾಗಿ, ಬೋಲ್ಟಿನ ತಲೆಯೂ ಅದರೊಳಗೆ ಇಳಿದುಹೋಗುತ್ತದೆ. ಲೋಹ ಕೊರೆದಾದ ಮೇಲೆ ಇದನ್ನು ಸರಿಪಡಿಸಲಾಗದು.

ಅದೇ ವಿವರಣೆಯನ್ನು ಹೀಗೆ ಬರೆಯಬಹುದು: 'ಈಗಾಗಲೇ ಇರುವ ಘನವಸ್ತುವಿನ ಸಮತಟ್ಟಾದ ಮುಖದ ಮೇಲೆ ಒಂದು ದುಂಡು ರಂಧ್ರವನ್ನು ಕೊರೆಯುತ್ತದೆ. ವ್ಯಾಸ ಮಿಲಿಮೀಟರ್‌ನಲ್ಲಿ, ತ್ರಿಜ್ಯವಲ್ಲ. ಆಳವನ್ನು ನೀಡದಿದ್ದಲ್ಲಿ ವಸ್ತುವಿನ ಆಚೆ ಬದಿಯವರೆಗೆ ಕೊರೆಯುತ್ತದೆ. ಕೇಂದ್ರದ ಸ್ಥಾನವನ್ನು ಇಡೀ ಮಾದರಿಯ ಮೂಲಬಿಂದುವಿನಿಂದ ಅಳೆಯಲಾಗುತ್ತದೆ, ಮುಖದ ಮೂಲೆಯಿಂದಲ್ಲ. ತಿರುಪಿನ ಎಳೆಯನ್ನು ಕೊರೆಯುವುದಿಲ್ಲ. ಅದಕ್ಕೆ ಎಳೆ ಟೂಲ್ ಬಳಸುವುದು.' ಕೊನೆಯ ವಾಕ್ಯವನ್ನು ಅನೇಕರು ಬರೆಯುವುದಿಲ್ಲ. ಟೂಲ್ ಏನು ಮಾಡುವುದಿಲ್ಲ ಎಂಬುದನ್ನು ತಿಳಿಸಿದಾಗ ಮಾತ್ರ ಏಜೆಂಟ್ ಹೋಲುವ ಎರಡು ಟೂಲ್‌ಗಳ ನಡುವೆ ಸರಿಯಾದುದನ್ನು ಆರಿಸಬಲ್ಲದು.

ಮುಖ ಮತ್ತು ಅಂಚುಗಳ ಹೆಸರು

ಫ್ರೀಕ್ಯಾಡ್ ಒಂದು ಪೆಟ್ಟಿಗೆಯ ಮುಖಗಳಿಗೆ 'ಫೇಸ್1' ರಿಂದ 'ಫೇಸ್6' ರವರೆಗೆ ಹೆಸರು ನೀಡುತ್ತದೆ. ರಂಧ್ರ ಕೊರೆದ ನಂತರ ಈ ಕ್ರಮಸಂಖ್ಯೆಗಳು ಬದಲಾಗಬಹುದು. 2024ರ ನವೆಂಬರ್‌ನಲ್ಲಿ ಬಿಡುಗಡೆಯಾದ 1.0 ಆವೃತ್ತಿಯಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ತಗ್ಗಿಸಲಾಗಿದೆ, ಪೂರ್ಣವಾಗಿ ನಿವಾರಣೆಯಾಗಿಲ್ಲ. 'ಪ್ರತಿ ಬದಲಾವಣೆಯ ನಂತರ ಮುಖಗಳ ಪಟ್ಟಿಯನ್ನು ಹೊಸದಾಗಿ ಪಡೆಯತಕ್ಕದ್ದು' ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ಅಳಿಸುವ ಮತ್ತು ಉಳಿಸುವ ಟೂಲ್‌ಗಳು

ಹಳೆಯ ಕಡತದ ಮೇಲೆಯೇ ಬರೆಯುವ ಅಥವಾ ಆಕೃತಿಯನ್ನು ಅಳಿಸುವ ಟೂಲ್ ಆಗಿದ್ದಲ್ಲಿ, ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವೇ ಎಂಬುದನ್ನು ಮೊದಲ ವಾಕ್ಯದಲ್ಲಿಯೇ ತಿಳಿಸಬೇಕು. ಮೇಲ್ಕಂಡ ಮಾನಕದಲ್ಲಿ 2025ರಿಂದ 'ಓದಲು ಮಾತ್ರ', 'ವಿನಾಶಕಾರಿ' ಎಂಬ ಗುರುತುಗಳಿಗೆ ಅವಕಾಶವಿದೆ. ಅವು ಸೂಚನೆಗಳೇ ಹೊರತು ತಡೆಗಳಲ್ಲ. ಬಳಕೆದಾರರ ಒಪ್ಪಿಗೆ ಪಡೆಯುವ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು.

ದೋಷ ಸಂದೇಶ ಮತ್ತು ಪರಿಶೀಲನೆ

'ಕಾರ್ಯ ವಿಫಲವಾಗಿದೆ' ಎಂಬ ಉತ್ತರ ದೊರೆತಾಗ ಏಜೆಂಟ್ ಅದೇ ತಪ್ಪನ್ನು ಪುನಃ ಮಾಡುವ ಸಂಭವವಿದೆ. 'ಅಂಚನ್ನು ದುಂಡಾಗಿಸಲು ನೀಡಿದ ತ್ರಿಜ್ಯ 8 ಮಿ.ಮೀ.; ಪಕ್ಕದ ಮುಖದ ಅಗಲ 5 ಮಿ.ಮೀ. ಮಾತ್ರ' ಎಂದು ತಿಳಿಸಿದಲ್ಲಿ ತಿದ್ದಿಕೊಳ್ಳುತ್ತದೆ.

ವಿವರಣೆ ಸಿದ್ಧವಾದ ಬಳಿಕ 100, 50, 20 ಮಿ.ಮೀ. ಅಳತೆಯ ಒಂದು ಪೆಟ್ಟಿಗೆಯನ್ನು ಏಜೆಂಟ್‌ನಿಂದ ಮಾಡಿಸಿ, ಅದರ ಘನಗಾತ್ರವನ್ನು ತಂತ್ರಾಂಶದಿಂದಲೇ ಅಳೆಯಿಸಿ ನೋಡುವುದು. 100 ಘನ ಸೆಂಟಿಮೀಟರ್ ಬರಬೇಕು. 100 ಲೀಟರ್ ಬಂದಲ್ಲಿ, ಏಕಮಾನದ ಸಾಲನ್ನು ತಿದ್ದಿ ಮತ್ತೊಮ್ಮೆ ಪರೀಕ್ಷಿಸುವುದು.