ಕರೆ ದೇವರದು, ಬುತ್ತಿ ಸಭೆಯದು

ಸಭಾಪಾಲಕನನ್ನು ಕರೆಯುವವನು ದೇವರು. ಅವನನ್ನು ಪೋಷಿಸಬೇಕಾದವರು ಯಾರು? ಈ ಪ್ರಶ್ನೆಯನ್ನು ನಮ್ಮ ನಾಡಿನ ಸಭಾಚರಿತ್ರೆಯೇ ನಮ್ಮ ಮುಂದಿಡುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1837ರಲ್ಲಿ ಧಾರವಾಡವನ್ನೂ 1851ರಲ್ಲಿ ಲೋಕಾಪುರದ ಸೀಮೆಗೆ ಸಮೀಪವಾದ ಗುಳೇದಗುಡ್ಡವನ್ನೂ ಸೇರಿತು. ಅದೇ 1851ರಲ್ಲಿ, ಬಾಸೆಲಿನಲ್ಲಿ ವ್ಯಾಸಂಗ ಮುಗಿಸಿದ ಮಂಗಳೂರಿನ ಹೆರ್ಮನ್ ಆನಂದರಾವ್ ಕೌಂಡಿನ್ಯರು ಸಭಾಸೇವೆಗೆ ಅಭಿಷಿಕ್ತರಾದರು. 1844ರಲ್ಲಿ ದೀಕ್ಷಾಸ್ನಾನ ಹೊಂದಿ ಜಾತಿಬಾಂಧವರ ಆಶ್ರಯವನ್ನು ತೊರೆದಿದ್ದ ಅವರ ಕರೆಯು ಅಗ್ಗದ್ದಾಗಿರಲಿಲ್ಲ. ಆದರೆ ದೇಶೀಯ ಸೇವಕರ ಪೋಷಣೆಗೆ ಸಭೆಗಳು ಬಹುಮಟ್ಟಿಗೆ ಮಿಷನ್ನಿನ ಕೈಯನ್ನೇ ನೋಡುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನ್ ಮಿಷನೆರಿಗಳು ಬಂಧಿತರಾದಾಗ ಆ ಆಸರೆ ಅಲುಗಿತು. ಮಂದೆಯೂ ಕುರುಬರೂ ಒಬ್ಬರ ಮುಖವನ್ನೊಬ್ಬರು ನೋಡಬೇಕಾಯಿತು.

1 ಕೊರಿಂಥ 9ರಲ್ಲಿ ಪೌಲನು ಸುವಾರ್ತಿಕನ ಹಕ್ಕನ್ನು ಸ್ಥಾಪಿಸಿ, ತಾನು ಮಾತ್ರ ಅದನ್ನು ಉಪಯೋಗಿಸದೆ ಹೋದನು. ಹಕ್ಕನ್ನು ಬಿಟ್ಟುಕೊಡುವುದು ಸೇವಕನ ಸ್ವಾತಂತ್ರ್ಯ. ಅದನ್ನು ಅವನಿಂದ ಕಸಿಯುವುದು ಸಭೆಯ ಧರ್ಮವಲ್ಲ. ಸುಗ್ಗಿಯ ಆರಾಧನೆಯಲ್ಲಿ ವೇದಿಯ ಮುಂದೆ ಜೋಳದ ತೆನೆಯನ್ನಿಡುವ ನಾವು, ಪಾಲಕನಿಗೆ ಸಲ್ಲುವುದನ್ನು ಕೂಲಿಯೆಂದು ಎಣಿಸದಿರೋಣ. ಕೂಲಿ ಕೊಟ್ಟವನು ಯಜಮಾನನಾಗುತ್ತಾನೆ. ಪಾಲು ಕೊಟ್ಟವನು ಸಹಸೇವಕನಾಗುತ್ತಾನೆ.