ಶ್ರೀತತ್ತ್ವನಿಧಿಯ ಶಿವರೂಪಗಳು

ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಆಶ್ರಯದಲ್ಲಿ ಮೈಸೂರಿನಲ್ಲಿ ಸಿದ್ಧಗೊಂಡ ‘ಶ್ರೀತತ್ತ್ವನಿಧಿ’ಯು ದೇವತಾಮೂರ್ತಿಗಳ ಬೃಹತ್ ಸಚಿತ್ರ ಕೋಶವಾಗಿದೆ. ಇದರ ಒಂಬತ್ತು ನಿಧಿಗಳಲ್ಲಿ ಶಿವನಿಧಿಯೂ ಒಂದು. ಇಲ್ಲಿನ ಚಿತ್ರಗಳಿಗೆ ಸಂಸ್ಕೃತದ ಧ್ಯಾನಶ್ಲೋಕಗಳೇ ಆಧಾರ. ಮುಖ, ಭುಜ, ಆಯುಧ, ವರ್ಣಗಳು ಚಿತ್ರಕಾರನ ಇಚ್ಛೆಯಂತಲ್ಲ, ಶ್ಲೋಕದಂತೆ ಮೂಡುತ್ತವೆ.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ಹುಣಸೆ ಕಡ್ಡಿಯ ಇದ್ದಿಲಿನಿಂದ ಮೊದಲ ರೇಖೆ ಎಳೆಯುತ್ತಿದ್ದರು. ಆಭರಣಗಳ ಉಬ್ಬುಗೆಲಸಕ್ಕೆ ಚಿನ್ನದ ರೇಕನ್ನು ಅಂಟಿಸುತ್ತಿದ್ದರು.

ಶಿವನ ಪಂಚಮುಖಗಳಾದ ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನಗಳು ಸೃಷ್ಟಿ, ಸ್ಥಿತಿ, ಲಯ, ತಿರೋಧಾನ, ಅನುಗ್ರಹಗಳೆಂಬ ಪಂಚಕೃತ್ಯಗಳ ಸಂಕೇತ. ಕೈಯ ತ್ರಿಶೂಲ, ಮುಡಿಯ ಚಂದ್ರ, ಕೊರಳ ಸರ್ಪಗಳೂ ಬರಿಯ ಅಲಂಕಾರವಲ್ಲ. ಒಂದೊಂದೂ ಅರ್ಥವನ್ನು ಸೂಚಿಸುತ್ತದೆ.

ಇಷ್ಟಲಿಂಗವನ್ನು ಕರಸ್ಥಲದಲ್ಲಿ ಪೂಜಿಸುವ ಲಿಂಗವಂತರಿಗೆ ಇಂತಹ ಚಿತ್ರವು ಪೂಜಾವಸ್ತುವಲ್ಲ, ತತ್ತ್ವವನ್ನು ತೋರುವ ಕುರುಹು. ಅದನ್ನು ಗೌರವದಿಂದ ಅರಿಯೋಣ. ಪೂಜೆಯು ನಿರಾಕಾರದ ಕುರುಹಾದ ಲಿಂಗಕ್ಕೇ ಸಲ್ಲಲಿ.