ಇರ್ ಧಾತು: ರೂಪ ಮತ್ತು ಅರ್ಥಗಳ ಇತಿಹಾಸ

ಇರ್: ಅಸ್ತಿತ್ವ, ವಾಸ, ಸ್ಥಿತಿ ಎಂಬ ಅರ್ಥಗಳುಳ್ಳ ಪ್ರಾಚೀನ ಕನ್ನಡ ಧಾತು, ಹೊಸಗನ್ನಡದಲ್ಲಿ ಉಕಾರಾಂತವಾಗಿ ‘ಇರು’ ಎಂದಾಗಿದೆ. ತಮಿಳಿನ ಸಜಾತೀಯ ಧಾತುವಿಗೆ ಕುಳಿತುಕೊಳ್ಳುವ ಅರ್ಥವೂ ಉಂಟಾದುದರಿಂದ, ನೆಲೆಗೊಳ್ಳುವಿಕೆಯೇ ಇದರ ಮೂಲಭಾವವೆಂದು ಊಹಿಸಲವಕಾಶವಿದೆ. ‘ಆತನು ರೈತ’ ಎಂಬಂಥ ವಾಕ್ಯಕ್ಕೆ ಕನ್ನಡದಲ್ಲಿ ಕ್ರಿಯಾಪದವೇ ಬೇಡವಾದ ಕಾರಣ ನಾಮಕ್ಕೆ ನಾಮವನ್ನು ಬೆಸೆಯುವ ಹೊರೆ ಈ ಧಾತುವಿನ ಮೇಲೆ ಬೀಳಲಿಲ್ಲ. ‘ಆತನಿಗೆ ತೋಟವಿದೆ’ ಎಂದು ಚತುರ್ಥಿಯೊಡಗೂಡಿ ಒಡೆತನವನ್ನು ಸೂಚಿಸುವ ಅಧಿಕಾರವಾದರೋ ಅದಕ್ಕೆ ದೊರೆಯಿತು.

ರೂಪಗಳು: ಕ್ರಿ.ಶ. 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಭೂತಕಾಲಕ್ಕೆ ದ, ಭವಿಷ್ಯತ್ತಿಗೆ ವ, ವರ್ತಮಾನಕ್ಕೆ ದಪ ಎಂಬ ಪ್ರತ್ಯಯಗಳನ್ನು ವಿಧಿಸುತ್ತಾನೆ. ಅದರಂತೆ ಇರ್ದಂ, ವಕಾರಕ್ಕೆ ಪಕಾರವು ಬಂದು ಇರ್ಪಂ, ಮತ್ತು ಇರ್ದಪಂ ಎಂಬ ಹಳಗನ್ನಡ ರೂಪಗಳು ಸಿದ್ಧಿಸುತ್ತವೆ. ನಿಷೇಧದಲ್ಲಿ ‘ಇರಂ’ ಎಂದಾಗುತ್ತದೆ. ನಡುಗನ್ನಡದಲ್ಲಿ ಇರ್ದನು ಎಂಬುದು ಇದ್ದನು ಎಂದೂ, ಇರ್ಪನು ಎಂಬುದು ಇಪ್ಪನು, ಇಹನು ಎಂದೂ ಮಾರ್ಪಟ್ಟಿತು.

ಕಾಲವಿಪರ್ಯಾಸ: ಹೊಸಗನ್ನಡದ ‘ಇದ್ದಾನೆ’ ಎಂಬ ರೂಪವು ‘ಇದ್ದು’ ಎಂಬ ಭೂತಕೃದಂತದಿಂದ ಹುಟ್ಟಿದ್ದರೂ ಹೇಳುವುದು ವರ್ತಮಾನವನ್ನೇ. ನೆಲೆಗೊಂಡುದರ ಫಲವೇ ಇರವು ಎಂದು ಭಾವಿಸಿದಲ್ಲಿ ಈ ವೈಚಿತ್ರ್ಯವು ಪರಿಹಾರವಾಗುತ್ತದೆ. ಪ್ರಾಚೀನ ಗ್ರೀಕಿನಲ್ಲಿಯೂ ನಿಲ್ಲಿಸುವ ಅರ್ಥದ ‘ಹಿಸ್ತೇಮಿ’ ಕ್ರಿಯೆಯ ಪೂರ್ಣಭೂತವಾದ ‘ಹೆಸ್ತೇಕ’ವು ನಿಂತಿದ್ದೇನೆ ಎಂಬ ವರ್ತಮಾನಾರ್ಥವನ್ನೂ, ಕಾಣುವ ಅರ್ಥದ ಮೂಲದಿಂದ ಬಂದ ಪೂರ್ಣಭೂತರೂಪವಾದ ‘ಒಯ್ದ’ವು ಬಲ್ಲೆನು ಎಂಬರ್ಥವನ್ನೂ ಕೊಡುತ್ತವೆ. ಆದರೆ ಗ್ರೀಕಿನಲ್ಲಿ ಇದು ಕೆಲವು ಕ್ರಿಯೆಗಳ ವಿಶೇಷವಾಗಿ ಉಳಿದರೆ, ಕನ್ನಡದಲ್ಲಿ ‘ಇದ್ದಾನೆ’ ಸಹಾಯಕ್ರಿಯೆಯಾಗಿ ಬಂದಿದ್ದಾನೆ, ಬರುತ್ತಿದ್ದಾನೆ ಎಂದು ಧಾತುಸಮೂಹವನ್ನೆಲ್ಲ ವ್ಯಾಪಿಸಿತು.

ಪ್ರಾದೇಶಿಕ ಪ್ರಯೋಗ ಮತ್ತು ಅಧ್ಯಯನ: ಹುಳಿಯಾರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಆಡುನುಡಿಯಲ್ಲಿ ವರ್ತಮಾನಕ್ಕೆ ‘ಮನೇಲವ್ನೆ’, ‘ಅಟ್ಟದ ಮೇಲೆ ಕೊಬ್ರಿ ಐತೆ’ ಎಂಬ ಬೇರೆಯ ರೂಪಗಳೇ ಬಳಕೆಯಲ್ಲಿದ್ದು, ಭೂತದಲ್ಲಿ ಮಾತ್ರ ಇದ್ದ, ಇತ್ತು ಎಂದು ಈ ಧಾತುವೇ ಮರಳುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು (1906–1966) ‘ಕನ್ನಡ ಮಧ್ಯಮ ವ್ಯಾಕರಣ’ದ ಮೂಲಕ ಕ್ರಿಯಾಪದಗಳ ವಿವೇಚನೆಯನ್ನು ವಿದ್ಯಾರ್ಥಿಗಳಿಗೆ ಸುಗಮಗೊಳಿಸಿದರೆ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ‘ಅಜಾಕ್ಸ್’ ನಾಟಕವನ್ನು ಆಧರಿಸಿದ ‘ಅಶ್ವತ್ಥಾಮನ್’ ಕೃತಿಯಲ್ಲಿ ಗ್ರೀಕ್ ರುದ್ರನಾಟಕಕ್ಕೆ ಹಳಗನ್ನಡದ ಕ್ರಿಯಾರೂಪಗಳನ್ನೇ ತೊಡಿಸಿದರು.